ಐದು ಸ್ಟಾರಿಗೆ ಒಂದು ಮುಯ್ಯಾಳು

ರಂಗಮ್ಮ ದುಡ್ಡು ಮಾಡಲು ಹೊರಟದ್ದು ಸಾಹುಕಾರ್ತಿಯಾಗುವ ಆಸೆಯಿಂದಲ್ಲ, ಒಂದು ಲೋಟ ಕಾಫಿಯ ಸಿಟ್ಟಿನಿಂದ.

ಅವಳ ತಂಗಿಯನ್ನು ನಾಪೋಕ್ಲಿಗೆ ಕೊಟ್ಟಿದೆ. ಹಾರಂಗಿ ಹಿನ್ನೀರಿನ ಪಕ್ಕದ ನಮ್ಮೂರಿನಿಂದ ಮಡಿಕೇರಿಯವರೆಗೆ ಸರ್ಕಾರಿ ಬಸ್ಸು, ಹೆಂಗಸರಿಗೆ ಪುಕ್ಕಟೆ. ಅಲ್ಲಿಂದಾಚೆಗೆ ಅವಳಿಗೆ ಸಿಗುವುದು ಖಾಸಗಿ ಬಸ್ಸು, ಅದಕ್ಕೆ ಕಾಸು ಬೇಕು. ನಡುವೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕಾಯಬೇಕು. ಮಡಿಕೇರಿಯ ಚಳಿಯಲ್ಲಿ ಕಾಫಿ ಇಲ್ಲದೆ ಒಂದು ಗಂಟೆ ಕಾಯುವುದು ಶತ್ರುವಿಗೂ ಬೇಡ. ಮೂರು ವರ್ಷದ ಹಿಂದೆ, ಹೊರಡುವ ಹೊತ್ತಿಗೆ ಅವಳು ಗಂಡ ಪುಟ್ಟರಾಜುವಿನ ಹತ್ತಿರ ನೂರು ರೂಪಾಯಿ ಕೇಳಿದಳು. ಅವನು ಬನಿಯನ್ನಿನ ಜೇಬಿನಿಂದ ಐವತ್ತರ ನೋಟೊಂದನ್ನು ಎಳೆದು, "ಕಾಫಿನ ತಂಗಿ ಮನೇಲೇ ಕುಡಿ. ಅಲ್ಲಿ ಅಂಗಳದ ತುಂಬ ಕಾಫಿ ಗಿಡವೇ ಇರಾದು," ಎಂದ.

ರಂಗಮ್ಮ ಅವತ್ತು ನಾಪೋಕ್ಲಿಗೆ ಹೋಗಲಿಲ್ಲ. ಐವತ್ತರ ನೋಟನ್ನು ಅವನ ಊಟದ ತಟ್ಟೆಯಲ್ಲಿ ಮುದ್ದೆಯ ಪಕ್ಕಕ್ಕೆ ಇಟ್ಟು ಬಡಿಸಿದಳು.

ಪುಟ್ಟರಾಜು ನನ್ನ ಬೇಲಿಯಾಚೆಯವನು. ಕೆಟ್ಟವನಲ್ಲ. ಕುಡಿಯುವುದಿಲ್ಲ, ಬೈಯುವುದಿಲ್ಲ, ಹಸುವಿಗೆ ಹುಷಾರಿಲ್ಲದಿದ್ದರೆ ತಾನೂ ಉಣ್ಣುವುದಿಲ್ಲ. ಆದರೆ ದುಡ್ಡಿನ ಮಾತು ತಾಗಿದರೆ ಸಾಕು, ಮುಟ್ಟಿದರೆ ಮುನಿ ಗಿಡದ ಹಾಗೆ ಮುದುಡಿಕೊಳ್ಳುತ್ತಾನೆ. ಅವರಜ್ಜ ಅರಕಲಗೂಡು ಕಡೆಯಿಂದ ಎರಡು ಎತ್ತು, ಒಂದು ಒರಳುಕಲ್ಲು ಹೇರಿಕೊಂಡು ಈ ಸೀಮೆಗೆ ಬಂದವನು. ಮೊಮ್ಮಗ ಈಗ ಎರಡೂವರೆ ಎಕರೆಯಲ್ಲಿ ಶುಂಠಿ, ರಾಗಿ ಮಾಡುತ್ತಾನೆ. ಎತ್ತು ಹೋದವು. ಒರಳುಕಲ್ಲು ಉಳಿಯಿತು. ಈ ಕಥೆಗೆ ಆ ಒರಳುಕಲ್ಲೇ ಬುಡ.

ನಾನು ಯಾರು ಎಂದು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೆಸರು ಬೋಜಪ್ಪ. ಓದಿದ್ದು ಆರನೇ ಕ್ಲಾಸು. ಅಮ್ಮತ್ತಿಯ ಒಂದು ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಬರೆದವನು. ಇನ್ನೂರು ಜನರ ಹಾಜರಿಯಲ್ಲಿ ಒಂದು ಅರ್ಧ ಆಳಿನ ತಪ್ಪನ್ನು ಯಾವ ಮ್ಯಾನೇಜರೂ ಹಿಡಿಯಲಿಲ್ಲ, ಇದ್ದರಲ್ಲವೇ ಹಿಡಿಯಲು. ಆ ಕಾರಣಕ್ಕೆ ಊರಿನವರು ಇಂದಿಗೂ ನನ್ನನ್ನು ರೈಟ್ರೇ ಎಂದೇ ಕರೆಯುತ್ತಾರೆ. ಜಗಳ ಬಂದರೆ ಮೊದಲು ನನ್ನ ಜಗಲಿಗೆ ಬರುತ್ತಾರೆ, ಆಮೇಲೆ ಪೊಲೀಸರ ಹತ್ತಿರ.

ರಂಗಮ್ಮ ಮಾಡುತ್ತಿದ್ದ ಹುಚ್ಚೆಳ್ಳು ಚಟ್ನಿಪುಡಿ ನಮ್ಮ ಸುತ್ತಿನಲ್ಲಿ ಹೆಸರಾಗಿತ್ತು. ಅತ್ತೆ ಕಲಿಸಿದ್ದು. ಎಳ್ಳು ಹುರಿದು, ಕೊಬ್ಬರಿ, ಒಣಮೆಣಸು, ಹುಣಸೆ, ಕೊನೆಗೆ ಹೆಬ್ಬೆರಳ ಗಾತ್ರದ ಬೆಲ್ಲ. ಎಲ್ಲವನ್ನೂ ಆ ಒರಳಿನಲ್ಲಿ ಕುಟ್ಟಿದರೆ ಮೂರು ಮನೆಯಾಚೆಗೆ ಮೂಗು ಅರಳುತ್ತಿತ್ತು. ಅವಳ ಸೊಸೆ ಮಾನಸ ಕುಶಾಲನಗರದ ಒಂದು ಸೊಸೈಟಿಯಲ್ಲಿ ಗುಮಾಸ್ತೆ. ಐವತ್ತರ ನೋಟಿನ ಸಂಗತಿ ಕೇಳಿ ಅವಳು ನಕ್ಕಳು, ಆಮೇಲೆ ಒಂದು ಬಿಳಿ ಪಂಚೆ ಹಾಸಿ ಪುಡಿಯ ಫೋಟೋ ತೆಗೆದು "ಮನೆಬುಟ್ಟಿ" ಎನ್ನುವ ಆ್ಯಪಿನಲ್ಲಿ ಅಂಗಡಿ ತೆರೆದುಕೊಟ್ಟಳು. ಮನೆಯಲ್ಲಿ ಮಾಡಿದ ತಿನಿಸನ್ನು ಊರೂರಿನವರು ಫೋನಿನಲ್ಲೇ ಕೊಳ್ಳುವ ಸಂತೆ ಅದು. ಸಂತೆ ಎಂದ ಮೇಲೆ ಸುಂಕವೂ ಇತ್ತು.

ಮೊದಲ ತಿಂಗಳು ನಾಲ್ಕು ಪಾಕೆಟ್. ಆರನೇ ತಿಂಗಳು ನಲವತ್ತು. ವರ್ಷ ತುಂಬುವಾಗ ಅವಳು ಪೋಸ್ಟ್‌ಮ್ಯಾನ್ ಸೋಮನ ಸೈಕಲ್ಲಿಗೆ ಹೊಸ ಕ್ಯಾರಿಯರ್ ಹಾಕಿಸಿಕೊಟ್ಟಳು. ಕಳಿಸಿದ ಪ್ರತಿ ಪಾರ್ಸೆಲ್ಲಿನ ಚೀಟಿಯನ್ನೂ ರೇಷನ್ ರಸೀದಿಯಂತೆ ಒಂದು ತಂತಿಗೆ ಚುಚ್ಚಿ ಗೋಡೆಗೆ ನೇತು ಹಾಕುತ್ತಿದ್ದಳು.

ಬಂದ ದುಡ್ಡನ್ನು ಸಾಸಿವೆ ಡಬ್ಬಿಗೆ ಹಾಕಲು ಮಾನಸ ಬಿಡಲಿಲ್ಲ. ಪ್ರತಿ ತಿಂಗಳು ಐದನೇ ತಾರೀಕಿಗೆ ಎರಡೂವರೆ ಸಾವಿರ ಒಂದು ಮ್ಯೂಚುವಲ್ ಫಂಡಿಗೆ ಹೋಗುವಂತೆ ಮಾಡಿದಳು. "ದೇಶದ ದೊಡ್ಡ ದೊಡ್ಡ ಕಂಪೆನೀಲೆಲ್ಲ ನಿಮಗೆ ಒಂದೊಂದು ಚೂರು ಪಾಲು ಅತ್ತೆ," ಎಂದು ವಿವರಿಸಿದಾಗ ರಂಗಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಯಾರ ಹೆಸರಲ್ಲಿ?"

"ನಿಮ್ಮ ಹೆಸರಲ್ಲೇ."

"ಬರೀ ನಂದಾ? ಪಕ್ಕದಲ್ಲಿ ಅವರ ಹೆಸರು ಬರಾಕಿಲ್ವಾ?"

"ಬರಲ್ಲ."

"ಹಂಗಾದ್ರೆ ಹಾಕು."

ಹೋದ ವರ್ಷ ಮಾರ್ಕೆಟ್ಟು ಕುಸಿದಾಗ ಫಂಡಿನ ಕಚೇರಿಯಿಂದ ಯಾರೋ ಹುಡುಗಿ ಫೋನ್ ಮಾಡಿ, ಗಾಬರಿಯಾಗಿ ಹಣ ತೆಗೆಯಬೇಡಿ ಎಂದು ಕೇಳಿಕೊಂಡಳು. ನಾನು ಅಲ್ಲೇ ಜಗಲಿಯಲ್ಲಿ ಕೂತಿದ್ದೆ. ರಂಗಮ್ಮ ಅವಳನ್ನೇ ಸಮಾಧಾನ ಮಾಡಿದಳು. "ನೀನು ಗಾಬರಿ ಬೀಳಬ್ಯಾಡ ಮಗ. ನಾವು ಶುಂಠಿ ಬೆಳೆಯೋರು. ಚೀಲಕ್ಕೆ ಆರು ಸಾವಿರನೂ ಕಂಡಿದ್ದೀವಿ, ಮರುವರ್ಷ ಒಂಬೈನೂರೂ ಕಂಡಿದ್ದೀವಿ. ನೂರಕ್ಕೆ ಹನ್ನೆರಡು ಬಿದ್ರೆ ಅದೂ ಒಂದು ಬೀಳಾದಾ? ಊಟ ಆಯ್ತಾ?"

ಎಪ್ಪತ್ತು ವರ್ಷದಲ್ಲಿ ನಾನು ಬಹಳ ಪುಸ್ತಕ ಓದಿದ್ದೇನೆ, ಪೇಪರಿನ ವಾಣಿಜ್ಯ ಪುಟವನ್ನೂ ಬಿಟ್ಟವನಲ್ಲ. ಹೂಡಿಕೆಯ ಬಗ್ಗೆ ಇದಕ್ಕಿಂತ ಗಟ್ಟಿ ಮಾತನ್ನು ಎಲ್ಲೂ ಓದಿಲ್ಲ.

ವ್ಯಾಪಾರ ಬೆಳೆದಂತೆ ಜಾಗ ಬೇಕಾಯಿತು. ಮನೆಯ ಹಿಂದೆ ಬಿತ್ತನೆ ಶುಂಠಿ ಇಡುವ ತಂಪು ಕೋಣೆಯೊಂದಿತ್ತು. ರಂಗಮ್ಮ ಅದನ್ನು ಕೇಳಿದಳು. ಪುಟ್ಟರಾಜು ಎರಡು ದಿನ ಮುದುಡಿಕೊಂಡಿದ್ದು ಮೂರನೇ ದಿನ ನನ್ನೆದುರು ಷರತ್ತು ಹಾಕಿದ. "ಕೋಣೆ ತಗೊ. ಆದ್ರೆ ಆ ಕಾಣದ ಕಂಪೆನಿಗೆ ಕಟ್ಟೋ ಕಂತು ಅಂಗಡಿ ದುಡ್ಡಲ್ಲೇ ಕಟ್ಟಬೇಕು. ಒಂದು ತಿಂಗಳು ತಪ್ಪಿದ್ರೂ ಕೋಣೆ ಶುಂಠಿಗೆ ವಾಪಸ್. ರೈಟ್ರೇ, ನೀವೇ ಸಾಕ್ಷಿ."

"ಆಯ್ತು. ಅಲ್ಲೀಗಂಟ ನಿಮ್ಮ ಶುಂಠೀನ ನಿಮ್ಮ ಮಂಚದ ಕೆಳಗೆ ಇಟ್ಕೊಳಿ," ಎಂದಳು ರಂಗಮ್ಮ.

ಆ ಕೋಣೆಗೆ ಮಿಕ್ಸಿ ಬಂತು, ದೊಡ್ಡ ಕಬ್ಬಿಣದ ಬಾಂಡ್ಲಿ ಬಂತು, ಪಾಕೆಟ್ ಅಂಟಿಸುವ ಯಂತ್ರ ಬಂತು. ಬಾಗಿಲಿಗೆ ಅವಳದೇ ಬೀಗ, ಬೀಗದ ಕೈ ಅವಳದೇ ಸೊಂಟದಲ್ಲಿ. ಮದುವೆಯಾಗಿ ಮೂವತ್ತಾರು ವರ್ಷಕ್ಕೆ ಅವಳ ಹೆಸರಿನಲ್ಲಿದ್ದ ಮೊದಲ ಬಾಗಿಲು ಅದು.

ಕಳೆದ ದಸರಾ ಕಳೆದು ವಾರವಾಗಿತ್ತು. ಒಂದು ಬೆಳಿಗ್ಗೆ ಆ ಬಾಗಿಲಿಗೆ ಕಲ್ಲು ಬಿತ್ತು.

ಮನೆಬುಟ್ಟಿಯಲ್ಲಿ ಕೊಂಡವರು ಸರಕಿಗೆ ಒಂದರಿಂದ ಐದರವರೆಗೆ ಸ್ಟಾರ್ ಕೊಡಬಹುದು, ಎರಡು ಮಾತು ಬರೆಯಬಹುದು. ರಂಗಮ್ಮನ ಗಿರಾಕಿಗಳು ನಮ್ಮ ಜನ. ಉಂಡು, ಬಾಯಿ ಒರೆಸಿ, ಮತ್ತೆ ತರಿಸುತ್ತಿದ್ದರೇ ಹೊರತು ಯಾರೂ ಒಂದಕ್ಷರ ಬರೆದಿರಲಿಲ್ಲ. ಮೊದಲ ಸಲ ಬರೆದವಳು ಮೈಸೂರಿನ ನೀಲವ್ವ ಎನ್ನುವವಳು. ಕೊಟ್ಟದ್ದು ಒಂದೇ ಸ್ಟಾರು. ಬರೆದದ್ದು ಇಷ್ಟು: "ಗುರೆಳ್ಳು ಹೊತ್ತೈತಿ. ಬೆಲ್ಲಾ ಹಾಕಿ ಮುಚ್ಚ್ಯಾರ. ಬೆಲ್ಲಾ ಹಾಕಿದ್ದು ಹಿಂಡಿ ಅಲ್ಲ, ಮಿಠಾಯಿ."

ಗುರೆಳ್ಳು ಎಂದರೆ ನಮ್ಮ ಹುಚ್ಚೆಳ್ಳು, ಹಿಂಡಿ ಎಂದರೆ ಚಟ್ನಿಪುಡಿ; ಉತ್ತರದ ಕಡೆಯ ಮಾತು. ಮಾನಸ ಓದಿ ಹೇಳುವಾಗ ನಾನು ಅಲ್ಲೇ ಇದ್ದೆ. ಮೊದಲ ವಾಕ್ಯ ರಂಗಮ್ಮನ ಕಿವಿಗೆ ಹೋಗಲೇ ಇಲ್ಲ. ಅವಳು ಹಿಡಿದುಕೊಂಡದ್ದು ಬೆಲ್ಲವನ್ನು.

"ನಮ್ಮತ್ತೆ ಹಾಕ್ತಿದ್ದ ಬೆಲ್ಲ ಅದು! ಅವರತ್ತೆ ಹಾಕ್ತಿದ್ದಿದ್ದು! ಇಡೀ ಅರಕಲಗೂಡಿನ ಮಖಕ್ಕೆ ಉಗ್ದಂಗಾಯ್ತಲ್ಲ ರೈಟ್ರೇ!"

"ಅತ್ತೆ, ಮೊದಲಿಗೆ ಹೊತ್ತಿದೆ ಅಂತಾನೂ ಬರೆದಿದ್ದಾರೆ," ಎಂದಳು ಮಾನಸ.

"ಹೊಟ್ಟೆ ಹೊತ್ತೋರಿಗೆ ಎಲ್ಲ ಹೊತ್ತಂಗೇ ಕಾಣ್ತದೆ ಬಿಡು."

ಒಂದು ಸ್ಟಾರು ಬಿದ್ದ ಮೇಲೆ ಆರ್ಡರು ಇಳಿಯಿತು. ಸಂತೆಯಲ್ಲಿ ಒಬ್ಬ ಮೂಗು ಮುಚ್ಚಿಕೊಂಡರೆ ಹಿಂದಿನ ಹತ್ತು ಜನ ತಕ್ಕಡಿ ನೋಡದೆ ನಡೆಯುತ್ತಾರೆ. ತಿಂಗಳಿಗೆ ಅರುವತ್ತು ಪಾಕೆಟ್ ಹೋಗುತ್ತಿದ್ದದ್ದು ಇಪ್ಪತ್ತೈದಕ್ಕೆ ಬಂತು. ಕಂತಿಗೆ ಇನ್ನೂ ಸಾಕಾಗುತ್ತಿತ್ತು, ಆದರೆ ಅಂಚಿನಲ್ಲಿ.

ಆಗ ರಂಗಮ್ಮ ಒಂದು ಉಪಾಯ ಹೂಡಿದಳು. ಬೇರೆ ಯಾವ ಊರಿನ ವ್ಯಾಪಾರಿಗೂ ಅದು ಹೊಳೆಯುತ್ತಿರಲಿಲ್ಲ.

ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ. ಕೂಲಿ ಕೊಡಲು ಕಾಸಿಲ್ಲದ ಕಾಲದಲ್ಲಿ ಹುಟ್ಟಿದ್ದು, ಕಾಸು ಬಂದ ಮೇಲೂ ಉಳಿದುಕೊಂಡಿದೆ. ಇವತ್ತು ನಾನು ನಿನ್ನ ಹೊಲದ ರಾಗಿ ಕೊಯ್ದರೆ ನಾಳೆ ನೀನು ನನ್ನ ಹೊಲಕ್ಕೆ ಬಂದು ಕೊಯ್ಯಬೇಕು. ಆಳಿಗೆ ಆಳು, ದಿನಕ್ಕೆ ದಿನ. ಪತ್ರವಿಲ್ಲ, ಸಹಿಯಿಲ್ಲ. ಸತ್ತರೂ ಮಕ್ಕಳು ಮುಯ್ಯಿ ತೀರಿಸುತ್ತಾರೆ. ಅದು ರಾಗಿ ಕೊಯ್ಲಿನ ಕಾಲ. ರಂಗಮ್ಮ ಮನೆಮನೆಗೆ ಹೋಗಿ ಹೇಳಿದಳು: ಒಂದು ಪಾಕೆಟ್ ತರಿಸಿ ಐದು ಸ್ಟಾರ್ ಕೊಡಿ, ನಿಮ್ಮ ಹೊಲಕ್ಕೆ ನಾನು ಒಂದು ದಿನ ಕುಡುಗೋಲು ಹಿಡಿದು ಬರುತ್ತೇನೆ.

"ಒಂದು ದಿನದ ಹೆಣ್ಣಾಳಿಗೆ ನಾನೂರು ರೂಪಾಯಿ ಕೂಲಿ," ಎಂದೆ ನಾನು. "ಇನ್ನೂರು ರೂಪಾಯಿಯ ಪುಡಿಗೆ ನಾನೂರರ ಬೆವರು ಸುರಿಸ್ತೀಯಲ್ಲ, ಇದು ಯಾವ ಸೀಮೆಯ ವ್ಯಾಪಾರ?"

"ಮುಯ್ಯೀಲಿ ಕೂಲಿ ಲೆಕ್ಕ ಹಾಕಬಾರದು ರೈಟ್ರೇ. ನೀವು ಎಸ್ಟೇಟಲ್ಲಿ ಇದ್ದು ಇದ್ದು ಕೆಟ್ಟೋಗಿದ್ದೀರ."

ಇಪ್ಪತ್ತೆರಡು ಮನೆ ಒಪ್ಪಿತು. ಆಮೇಲಿನ ತಿಂಗಳು ನಮ್ಮೂರಿನ ಅಂಚೆಯಲ್ಲಿ ನಡೆದದ್ದನ್ನು ಅಂಚೆ ಇಲಾಖೆ ಹುಟ್ಟಿದ ಮೇಲೆ ಯಾರೂ ಕಂಡಿರಲಾರರು. ರಂಗಮ್ಮ ಪಾರ್ಸೆಲ್ ಕಟ್ಟಿ ಸೋಮನ ಕೈಗೆ ಕೊಡುವಳು. ಸೋಮ ಅದನ್ನು ಕುಶಾಲನಗರಕ್ಕೆ ಒಯ್ಯುವನು. ಅದು ಅಲ್ಲಿಂದ ಮೈಸೂರಿಗೆ ಹೋಗಿ, ಠಸ್ಸೆ ಹೊಡೆಸಿಕೊಂಡು, ಮೂರು ದಿನ ಸುತ್ತಿ ಮತ್ತೆ ಸೋಮನ ಕೈಗೇ ಬರುವುದು. ಅವನು ಅದನ್ನು ರಂಗಮ್ಮನ ಪಕ್ಕದ ಮನೆಗೆ ಕೊಡುವನು.

"ರಂಗತ್ತೆ, ಬೇಲಿ ಮೇಲಿಂದ ಎಸೆದಿದ್ರೆ ಆಗ್ತಿತ್ತಲ್ಲ," ಎಂದು ಒಂದು ದಿನ ಅವನು ಏದುಸಿರು ಬಿಡುತ್ತ ಕೇಳಿದ. "ಈ ಪುಡಿ ನನಗಿಂತ ಜಾಸ್ತಿ ಸಲ ಮೈಸೂರು ನೋಡ್ತು."

ಬರೆದ ಮಾತುಗಳಾದರೋ! ಮಾನಸ ಓದಿ ತೋರಿಸಿದಾಗ ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಪಂಪ್‌ಸೆಟ್ ರಿಪೇರಿಯ ಮಾರ ಬರೆದಿದ್ದ: "ಪುಡಿ ಇನ್ನೂ ಬಿಚ್ಚಿಲ್ಲ. ತುಂಬಾ ಚೆನ್ನಾಗಿದೆ." ಕೋಳಿ ಸಾಕುವ ಜವರಿ ಐದು ಸ್ಟಾರ್ ಒತ್ತಿ ಕೆಳಗೆ ಹೇಳಿದ್ದಳು: "ರಂಗಕ್ಕ, ಗುರುವಾರ ಕೊಯ್ಲಿಗೆ ಬರುವಾಗ ನಮ್ಮ ಒನಕೆ ವಾಪಸ್ ತಾ." ಇನ್ನೊಬ್ಬರು ಪುಡಿಯ ಬಗ್ಗೆ ಏನೂ ಬರೆಯದೆ, "ಹಸು ಕರು ಹಾಕ್ತಾ?" ಎಂದು ಕೇಳಿದ್ದರು.

ರಂಗಮ್ಮ ಇಪ್ಪತ್ತೆರಡು ದಿನ ಬೇರೆಯವರ ರಾಗಿ ಕೊಯ್ದಳು. ಸಂಜೆ ಸೊಂಟ ಹಿಡಿದುಕೊಂಡು ಬಂದು ಗೋಡೆಗೆ ಒರಗಿ ಕೂತು ಸ್ಟಾರ್ ಎಣಿಸುತ್ತಿದ್ದಳು. ಹೊರಗಿನ ಆರ್ಡರು ಮಾತ್ರ ಒಂದೂ ಏರಲಿಲ್ಲ. ಹಸು ಕರು ಹಾಕಿತೇ ಎಂದು ಕೇಳುವ ಅಂಗಡಿಯಲ್ಲಿ ಬೆಂಗಳೂರಿನವರು ಏನು ನಂಬಿ ಪುಡಿ ಕೊಳ್ಳುತ್ತಾರೆ?

ಜನವರಿ ಹದಿನೈದಕ್ಕೆ, ಸಂಕ್ರಾಂತಿಯ ಎಳ್ಳು ಇನ್ನೂ ಬಾಯಲ್ಲಿರುವಾಗಲೇ, ಮನೆಬುಟ್ಟಿಯವರು ಅವಳ ಅಂಗಡಿ ಮುಚ್ಚಿದರು. ಮಾನಸ ಬಂದ ಪತ್ರವನ್ನು ಓದಿ ಕನ್ನಡದಲ್ಲಿ ಹೇಳಿದಳು. ನಿಮ್ಮ ಸರಕಿನ ಬಗ್ಗೆ ಇಪ್ಪತ್ಮೂರು ಜನ ಬರೆದಿದ್ದಾರೆ. ಅದರಲ್ಲಿ ಇಪ್ಪತ್ತೆರಡು ಜನ ಒಂದೇ ಪಿನ್ ಕೋಡಿನವರು, ಒಂದೇ ಟವರಿನ ಕೆಳಗಿನವರು, ನಿಮ್ಮದೇ ಬೀದಿಯವರು. ಇದು ಕಾಸು ಕೊಟ್ಟು ಬರೆಸಿದ್ದು ಎಂದು ನಮ್ಮ ಅನುಮಾನ. ಬಾಕಿ ಹಣ ತಡೆಹಿಡಿದಿದ್ದೇವೆ. ಹತ್ತು ದಿನದೊಳಗೆ ಬರೆದವರಲ್ಲಿ ಹೊರಊರಿನ ಗ್ರಾಹಕರೊಬ್ಬರು ನಮ್ಮ ಫೋನ್ ಕರೆಗೆ ಉತ್ತರಿಸಿ ನಿಜ ಎಂದು ಹೇಳಬೇಕು. ಇಲ್ಲದಿದ್ದರೆ ಅಂಗಡಿ ಕಾಯಂ ರದ್ದು.

"ಕಾಸು ಯಾರು ಕೊಟ್ರು?" ರಂಗಮ್ಮ ಕೂಗಿದಳು. "ನಾನು ಮೈ ಬಗ್ಗಿಸಿದ್ದು! ಬೇಕಾದ್ರೆ ಬಂದು ನನ್ನ ಸೊಂಟ ಮುಟ್ಟಿ ನೋಡ್ಲಿ!"

"ಹೊರಊರಿನೋರು ಬರೆದಿರೋದು ಒಬ್ಬರೇ ಅತ್ತೆ," ಎಂದಳು ಮಾನಸ ಮೆಲ್ಲಗೆ.

ಒಬ್ಬಳೇ. ಒಂದು ಸ್ಟಾರಿನ ನೀಲವ್ವ.

ಪುಟ್ಟರಾಜು ಮಾರನೆಯ ದಿನ ಆಯ್ದ ಬಿತ್ತನೆ ಶುಂಠಿಯ ಎರಡು ಚೀಲ ತಂದು ಆ ಕೋಣೆಯ ಹೊಸಿಲಿನ ಹೊರಗೆ ಇಟ್ಟ. ಒಳಗಿಡಲಿಲ್ಲ. ಫೆಬ್ರವರಿ ಐದಕ್ಕೆ ಇನ್ನೂ ಇಪ್ಪತ್ತು ದಿನವಿತ್ತಲ್ಲ, ನ್ಯಾಯವಂತ.

ನೀಲವ್ವನಿಗೆ ಫೋನ್ ಮಾಡಿದರೆ ಅವಳು ಎತ್ತಿದ ಕೂಡಲೇ, "ನನ್ನ ಹತ್ರ ಓಟಿಪಿ ಇಲ್ಲ, ರೊಕ್ಕಾನೂ ಇಲ್ಲ, ನಿನ್ನ ಬಾಯಾಗ ಮಣ್ಣ ಬೀಳಲಿ," ಎಂದು ಇಟ್ಟುಬಿಡುತ್ತಿದ್ದಳು. ಆರು ಸಲ ಮಾಡಿದೆವು, ಆರು ಸಲವೂ ಬಾಯಲ್ಲಿ ಮಣ್ಣು ಬಿತ್ತು. ಮನೆಬುಟ್ಟಿಯವರ ಕರೆಗೂ ಅದೇ ಆಶೀರ್ವಾದವಾಗಿತ್ತೆಂದು ಅವರೇ ಮಾನಸಳಿಗೆ ತಿಳಿಸಿದರು. ಕಾಲ ಹಾಗಿದೆ, ಅವಳದೂ ತಪ್ಪಲ್ಲ.

ರಂಗಮ್ಮ ತಂತಿಯ ಚೀಟಿಗಳನ್ನೆಲ್ಲ ಇಳಿಸಿ ಹುಡುಕಿ ವಿಳಾಸ ತೆಗೆದಳು. "ನಡೀರಿ ರೈಟ್ರೇ. ನ್ಯಾಯಕ್ಕೆ ಹೋಗುವಾಗ ಹಿರೀಕರೊಬ್ಬರು ಜತೇಲಿರಬೇಕು."

ಮೈಸೂರು ಬಸ್ಸು ಹತ್ತಿದೆವು. ಅವಳಿಗೆ ಪುಕ್ಕಟೆ, ನನಗೆ ಟಿಕೆಟ್ಟು. ವ್ಯಾಪಾರ ಅವಳದು, ಖರ್ಚು ನನ್ನದು. ಸರ್ಕಾರವೇ ಹೀಗೆ ಮಾಡಿದ ಮೇಲೆ ಯಾರಿಗೆ ಹೇಳುವುದು? ದಾರಿಯುದ್ದಕ್ಕೂ ಅವಳು ಬೆಲ್ಲದ ಪರವಾಗಿ ವಾದ ಒಪ್ಪಿಸುತ್ತ ಬಂದಳು. ಹುಣಸೂರು ದಾಟುವ ಹೊತ್ತಿಗೆ ನಾನು ಬೆಲ್ಲ ಬಿಟ್ಟು ಬೇರೆ ಏನಾದರೂ ಮಾತಾಡು ಎಂದೆ. ಅವಳು ಆಮೇಲೆ ಕಿಟಕಿಯ ಕಡೆ ನೋಡುತ್ತ, "ಕೋಣೆ ಹೋಯ್ತದೆ ಅಂತಲ್ಲ ರೈಟ್ರೇ," ಎಂದಳು. "ಮತ್ತೆ ಬನಿಯನ್ ಜೇಬಿನ ಮುಂದೆ ಕೈ ಚಾಚಬೇಕಲ್ಲ, ಅದು."

ಮೈಸೂರಿನ ಹೆಬ್ಬಾಳಿನ ಒಂದು ಓಣಿ. ಕಬ್ಬಿಣದ ಜಾಲರಿ ಬಾಗಿಲ ಹಿಂದೆ ಎಪ್ಪತ್ತರ ಆಸುಪಾಸಿನ, ತೊಲೆಯಂಥ ಕೈಯ ಹೆಂಗಸು ಬಂದು ನಿಂತಳು.

"ಯಾರ ಬೇಕಾಗಿತ್ರಿ?"

"ನೀವು ಒಂದು ಸ್ಟಾರ್ ಕೊಟ್ರಲ್ಲವ್ವ," ಎಂದಳು ರಂಗಮ್ಮ. "ಆ ಪುಡಿಯೋಳು ನಾನೇ."

ನೀಲವ್ವ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯ ಶಿವನ! ಒಂದ ಚುಕ್ಕಿಗೆ ಮನೀಮಟ ಬರ್ತಾರೇನವಾ? ಹಿಂದ ಈ ಅಜ್ಜನ್ನ ಬ್ಯಾರೆ ಕರ್ಕೊಂಡ ಬಂದೀರಿ, ಹೊಡ್ಯಾಕೇನು?"

ನನ್ನನ್ನು ನೋಡಿ ಯಾರಾದರೂ ಹೆದರಿದ್ದು ಅಮ್ಮತ್ತಿ ಬಿಟ್ಟ ಮೇಲೆ ಅದೇ ಮೊದಲು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮುಯ್ಯಿ, ಇಪ್ಪತ್ತೆರಡು ಮನೆ, ಮುಚ್ಚಿದ ಅಂಗಡಿ, ಶುಂಠಿಯ ಕೋಣೆ. ಕೇಳುತ್ತ ಕೇಳುತ್ತ ನೀಲವ್ವನ ಹೊಟ್ಟೆ ಕುಲುಕತೊಡಗಿತು. ಮಾರ ಬರೆದದ್ದನ್ನು ಹೇಳುವಾಗ ಅವಳು ಜಾಲರಿ ಹಿಡಿದುಕೊಂಡು ನಕ್ಕಳು. ಬಾಗಿಲು ತೆರೆಯಿತು.

ಅವಳು ಗದಗ ಸೀಮೆಯವಳು. ಮೂವತ್ತು ವರ್ಷ ಒಂದು ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಅಡುಗೆ ಮಾಡಿ, ಈಗ ಮಗಳ ಮನೆಯಲ್ಲಿ ಇದ್ದಾಳೆ. ಕುಡಿಯಲು ನೀರು ಕೊಡುವ ಮೊದಲೇ ರಂಗಮ್ಮ ವಾದ ಎತ್ತಿದಳು: "ಬೆಲ್ಲ ನಮ್ಮ ಕಡೆ ಹಾಕೋದು ಪದ್ಧತಿ. ನೀವು ಮಿಠಾಯಿ ಅಂದ್ರಲ್ಲ..."

"ಬೆಲ್ಲದ ಮಾತ ಬಿಡಽ. ಅದು ನಿಮ್ಮ ನಾಲಿಗಿ, ನಿಮ್ಮ ಹಣೇಬರಾ. ಬಾ ಇಲ್ಲೆ."

ಒಳಗೆ ಕರೆದುಕೊಂಡು ಹೋಗಿ ಎರಡು ತಟ್ಟೆ ಇಟ್ಟಳು. ಒಂದರಲ್ಲಿ ತಾನು ಕುಟ್ಟಿದ ಹಿಂಡಿ. ಇನ್ನೊಂದರಲ್ಲಿ, ಬಿಸಾಡದೆ ಇಟ್ಟುಕೊಂಡಿದ್ದ ರಂಗಮ್ಮನದೇ ಪುಡಿ. "ಕಣ್ಣ ಮುಚ್ಚು. ನೆಕ್ಕು."

ರಂಗಮ್ಮ ಕಣ್ಣು ಮುಚ್ಚಿ ಮೊದಲನೆಯದನ್ನು ನೆಕ್ಕಿದಳು. ಆಮೇಲೆ ತನ್ನದನ್ನು. ಕಣ್ಣು ತೆರೆಯಲು ಬಹಳ ಹೊತ್ತು ಹಿಡಿಯಿತು.

"ಹೊತ್ತದೆ," ಎಂದಳು.

"ಹೂಂ."

"ಆ ದೊಡ್ಡ ಬಾಂಡ್ಲಿ. ಆರ್ಡರ್ ಜಾಸ್ತಿ ಆಯ್ತು ಅಂತ ಒಂದೇ ಸಲಕ್ಕೆ ಐದು ಸೇರು ಸುರಿದೆ. ಉರಿ ದೊಡ್ಡದು. ಆಮೇಲೆ ಮಿಕ್ಸಿ ಬೇರೆ ಬಿಸಿ." ಅವಳು ತನ್ನ ತಟ್ಟೆಯನ್ನು ಆಚೆ ಸರಿಸಿದಳು. "ನಾನು ತಿಂದೇ ನೋಡಿರ್ಲಿಲ್ಲ ಕಣವ್ವ. ಮೂರು ತಿಂಗಳು ಸ್ಟಾರ್ ಎಣಿಸ್ದೆ, ಪುಡಿ ನೆಕ್ಕಿ ನೋಡ್ಲಿಲ್ಲ."

ಮೂವತ್ತೊಂದು ವರ್ಷದ ರೈಟರಿಕೆಯಲ್ಲಿ ತಪ್ಪೊಪ್ಪಿಗೆಗಳನ್ನು ಬಹಳ ಕೇಳಿದ್ದೇನೆ. ಯಾರೂ ಕೇಳದೆ, ಎದುರಾಳಿಯ ಅಡುಗೆಮನೆಯಲ್ಲಿ ನಿಂತು ಒಪ್ಪಿಕೊಂಡವರನ್ನು ಕಂಡದ್ದು ಅವತ್ತೇ ಮೊದಲು.

ನೀಲವ್ವ ಕರೆ ಎತ್ತಲು ಒಪ್ಪಿದಳು. ರಂಗಮ್ಮನಿಗೆ ಹಳೇ ಚಾಳಿ ಬಿಡಲಿಲ್ಲ. "ನಿಮ್ಮ ಉಪಕಾರ ಇಟ್ಕೊಳ್ಳಾಕಿಲ್ಲ. ಒಂದು ದಿನ ಬಂದು ನಿಮ್ಮನೆ ಕೆಲಸ..."

ನಾನು ಜೋರಾಗಿ ಕೆಮ್ಮಿದೆ. ನೀಲವ್ವ ನನಗಿಂತ ಮೊದಲೇ ಕೈಯೆತ್ತಿದಳು. "ಖರೇ ಹೇಳಾಕ ಕೂಲಿ ಯಾಕ ಬೇಕಽ? ಸುಮ್ನ ಕುಂದ್ರು."

ನಾನು ಮಾನಸಳಿಗೆ ಫೋನ್ ಮಾಡಿದೆ, ಅವಳು ಕುಶಾಲನಗರದಿಂದಲೇ ಮನೆಬುಟ್ಟಿಯವರಿಗೆ ತಿಳಿಸಿದಳು. ಅರ್ಧ ಗಂಟೆಯಲ್ಲಿ ಕರೆ ಬಂತು. ನೀಲವ್ವ ಫೋನನ್ನು ಮಣೆಯ ಮೇಲೆ ಇಟ್ಟು ದನಿ ಜೋರು ಮಾಡಿದಳು. ಯಂತ್ರದ ಹೆಂಗಸು ಕನ್ನಡದಲ್ಲಿ ಉಲಿದಳು: ಸರಕು ನಿಮಗೆ ತಲುಪಿದ್ದು, ನೀವು ಬರೆದದ್ದು ನಿಜವಾದರೆ ಒಂದನ್ನು ಒತ್ತಿ. ನಿಮ್ಮ ಅಭಿಪ್ರಾಯ ಬದಲಾಯಿಸುವುದಾದರೆ ಎರಡನ್ನು ಒತ್ತಿ.

ನೀಲವ್ವನ ದಪ್ಪ ಬೆರಳು ಗಾಳಿಯಲ್ಲಿ ನಿಂತಿತು. ಅವಳು ರಂಗಮ್ಮನ ಮುಖ ನೋಡಿ ಪಿಸುಗುಟ್ಟಿದಳು: "ಎರಡ ಒತ್ತಲೇನು? ಮೂರ ಚುಕ್ಕಿ ಮಾಡ್ತೀನಿ. ಇಷ್ಟ ದೂರ ಬಂದೀಯಲ್ಲ."

ಆ ಕ್ಷಣದಲ್ಲಿ ರಂಗಮ್ಮನ ಕಣ್ಣಿಗೆ ಕೋಣೆಯ ಬೀಗ, ಹೊಸಿಲಿನ ಶುಂಠಿ ಚೀಲ, ಬನಿಯನ್ನಿನ ಜೇಬು ಎಲ್ಲವೂ ಬಂದಿರಬೇಕು.

"ಬ್ಯಾಡ. ಒಂದೇ ಒತ್ತಿ," ಎಂದಳು. "ಹೊತ್ತಿದ್ದು ಹೊತ್ತಿದ್ದೇ."

ಮೂರು ದಿನದಲ್ಲಿ ಅಂಗಡಿ ತೆರೆಯಿತು. ಇಪ್ಪತ್ತೆರಡು ಮನೆಯ ನೂರಾ ಹತ್ತು ಸ್ಟಾರುಗಳನ್ನು ಮನೆಬುಟ್ಟಿಯವರು ಅಳಿಸಿ ಹಾಕಿದ್ದರು. ಉಳಿದದ್ದು ಅಮಾವಾಸ್ಯೆಯ ಆಕಾಶದಲ್ಲಿ ಒಂಟಿ ಚುಕ್ಕಿ. ಅದರ ಕೆಳಗೆ ರಂಗಮ್ಮ ಮಾನಸಳಿಂದ ಉತ್ತರ ಬರೆಸಿದಳು: "ನೀಲವ್ವನವರು ಬರೆದದ್ದು ನಿಜ. ಎಳ್ಳು ಹೊತ್ತಿತ್ತು. ಈಗ ಸಣ್ಣ ಉರಿಯಲ್ಲಿ ಒಂದೊಂದೇ ಸೇರು ಹುರಿದು ಒರಳಲ್ಲಿ ಕುಟ್ಟುತ್ತೇನೆ. ನಿಧಾನ ಆಗುತ್ತದೆ. ಬೆಲ್ಲ ಬಿಡುವುದಿಲ್ಲ."

ಆದರೆ ತಡೆಹಿಡಿದ ಹಣ ಕೈಗೆ ಬರಲು ಹದಿನೈದು ಕೆಲಸದ ದಿನ ಬೇಕು ಎಂದರು. ಐದನೇ ತಾರೀಕು ಅದಕ್ಕೆ ಮುಂಚೆ ಬರುತ್ತಿತ್ತು. ಪುಟ್ಟರಾಜು ಹೊಸಿಲಿಗೆ ಇನ್ನೆರಡು ಚೀಲ ಸೇರಿಸಿದ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಸಲು ಬಿಡದವಳು ಜವರಿ. ಅವಳೇ ನನ್ನ ಜಗಲಿಗೆ ಬಂದು ತಲೆ ಕೆರೆದುಕೊಂಡು ಕೇಳಿದಳು: "ರೈಟ್ರೇ, ನಮ್ಮ ಸ್ಟಾರ್ ಅಳಿಸಿ ಹಾಕೌರಂತೆ. ರಂಗಕ್ಕ ಮಾತ್ರ ನಮ್ಮ ರಾಗಿ ಪೂರ್ತಿ ಕೊಯ್ದೌಳೆ. ಈಗ ಮುಯ್ಯಿ ತೀರ್ತಾ, ಇಲ್ಲ ನಮ್ಮ ತಲೆ ಮೇಲೆ ಐತಾ?"

ನಾನು ಎದ್ದು ಕೂತೆ. ಸಂಜೆ ಇಪ್ಪತ್ತೆರಡು ಮನೆಯವರೂ ಸೇರಿದರು.

"ನಾನು ಕೊಟ್ಟಿದ್ದು ಕೊಟ್ಟಿದ್ದೇ," ಎಂದ ಮಾರ. "ಕಿತ್ಕೊಂಡೋನು ಕಂಪೆನಿಯೋನು. ಅವನನ್ನ ಕೇಳಿ."

"ಮುಯ್ಯಾಳು ಬಂದ ದಿನ ಮಳೆ ಹೊಡೆದು ಕೆಲಸ ನಿಂತರೆ ನಮ್ಮಲ್ಲಿ ಕಾನೂನು ಏನು?" ಎಂದು ನಾನು ಕೇಳಿದೆ.

ಎಲ್ಲರಿಗೂ ಗೊತ್ತಿದ್ದದ್ದೇ. ಮಧ್ಯಾಹ್ನದ ಊಟಕ್ಕೆ ಮುಂಚೆ ಮಳೆ ಬಂದರೆ ಮುಯ್ಯಿ ಸಲ್ಲದು, ಇನ್ನೊಂದು ದಿನ ಬರಬೇಕು. ಊಟವಾದ ಮೇಲೆ ಬಂದರೆ ಸಂದ ಹಾಗೆ.

"ನಿಮ್ಮ ಸ್ಟಾರಿನಿಂದ ರಂಗಮ್ಮನಿಗೆ ಹೊರಗಿನ ಒಂದಾದರೂ ಆರ್ಡರ್ ಬಂತೇ? ಒಂದು ತುತ್ತಾದರೂ ಹುಟ್ಟಿತೇ?"

"ಇ‌ಲ್ಲ," ಎಂದಳು ಜವರಿ.

"ಹಾಗಾದರೆ ಊಟಕ್ಕೆ ಮುಂಚೆಯೇ ಮಳೆ ಬಂದಿದೆ. ಇಪ್ಪತ್ತೆರಡು ಆಳು ಬಾಕಿ."

ಮಾರ ಗೊಣಗಿದ, ಆದರೆ ಮುಯ್ಯಿ ಉಳಿಸಿಕೊಂಡವನೆಂಬ ಹೆಸರು ಯಾರಿಗೆ ಬೇಕು? ಒಪ್ಪಿದ.

ಈಗ ಕೇಳಿ. ಜನವರಿಯಲ್ಲಿ ಕೊಡಗಿನಲ್ಲಿ ಚಿನ್ನ ಸಿಕ್ಕೀತು, ಆಳು ಸಿಕ್ಕುವುದಿಲ್ಲ. ಕಾಫಿ ಪಿಕಿಂಗಿಗೆಂದು ಎಸ್ಟೇಟಿನ ಜೀಪುಗಳು ಬೆಳಕು ಹರಿಯುವ ಮೊದಲೇ ಬಂದು ಹಳ್ಳಿ ಹಳ್ಳಿಯನ್ನೇ ಹೇರಿಕೊಂಡು ಹೋಗುತ್ತವೆ. ಪುಟ್ಟರಾಜುವಿನ ಒಂದೆಕರೆ ಶುಂಠಿ ಕೀಳುವವರಿಲ್ಲದೆ ನೆಲದಲ್ಲೇ ಕೂತಿತ್ತು. ವ್ಯಾಪಾರಿ ಲಾರಿ ತರುವ ದಿನ ಹೇಳಿಯಾಗಿತ್ತು. ಇಪ್ಪತ್ತೆರಡು ಆಳು ಎಂದದ್ದೇ ಪುಟ್ಟರಾಜುವಿನ ಮುಖ ಸಂಕ್ರಾಂತಿಯ ಹೋರಿಯ ಹಾಗೆ ಹೊಳೆಯಿತು.

"ನಾಳೆನೇ ಕರೀ," ಎಂದ ಹೆಂಡತಿಗೆ.

"ಕರೀತೀನಿ. ಆಳಿಗೆ ನಾನೂರು."

"ಏನು? ಮುಯ್ಯಾಳಿಗೆ ಕೂಲೀನಾ?"

"ಅವ್ರು ನನಗೆ ಕೊಡಾದು ಮುಯ್ಯಿ. ನಿಮಗೆ ನಾನು ಕೊಡಾದು ಆಳು. ಬ್ಯಾಡ ಅಂದ್ರೆ ನಾಳೆ ಎಸ್ಟೇಟ್ ಜೀಪಿಗೆ ಹತ್ತಿಸ್ತೀನಿ, ಅವ್ರು ಐನೂರು ಕೊಡ್ತಾರೆ."

ಪುಟ್ಟರಾಜು ನನ್ನ ಕಡೆ ತಿರುಗಿದ. "ರೈಟ್ರೇ, ಇದು ಅಂಗಡಿ ದುಡ್ಡು ಹೆಂಗಾಗ್ತದೆ? ನೀವೇ ಸಾಕ್ಷಿ ಇದ್ರಿ, ಹೇಳಿ."

ನಾನು ಎರಡು ಎಲೆ ಅಡಿಕೆ ಹಾಕಿಕೊಂಡು ಯೋಚಿಸಿದೆ. "ಸ್ಟಾರು ಹುಟ್ಟಿದ್ದು ಅಂಗಡಿಯಿಂದ. ಆಳು ಹುಟ್ಟಿದ್ದು ಸ್ಟಾರಿನಿಂದ. ಹಸು ನಿನ್ನದಾದರೆ ಕರುವೂ ನಿನ್ನದೇ ಅಲ್ಲವೇನಪ್ಪ? ಅಂಗಡಿ ದುಡ್ಡೇ."

ಅವನು ಬನಿಯನ್ನಿನ ಜೇಬಿಗೆ ಕೈ ಹಾಕಿದ. ಜೇಬು ಸಾಲಲಿಲ್ಲ. ಬೀರು ತೆರೆದು ಎಂಟು ಸಾವಿರದ ಎಂಟುನೂರು ಎಣಿಸುವಾಗ ಒಂದೊಂದು ನೋಟನ್ನೂ ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಸವರಿ ಸವರಿ ಕೊಟ್ಟ. ಐದನೇ ತಾರೀಕಿನ ಕಂತು ನಾಲ್ಕಕ್ಕೇ ಬ್ಯಾಂಕಿನಲ್ಲಿ ಕಾದು ಕೂತಿತ್ತು. ಹೊಸಿಲಿನ ನಾಲ್ಕು ಚೀಲ ಶುಂಠಿಯೂ ಮಂಚದ ಕೆಳಗೆ ಹೋಯಿತು. ಈಗ ಪುಟ್ಟರಾಜು ಮೈಯೆಲ್ಲ ಶುಂಠಿ ಘಾಟು ಹೊತ್ತು ಓಡಾಡುತ್ತಾನೆ. ನೆಗಡಿ ಬರುವುದಿಲ್ಲವಂತೆ, ಅದೊಂದು ಲಾಭ.

ಶುಂಠಿ ಕಿತ್ತು ಮುಗಿದ ಭಾನುವಾರ ರಂಗಮ್ಮ ನಾಪೋಕ್ಲಿಗೆ ಹೊರಟಳು. ಬಸ್ಸಿಗೆ ಕಾಯುತ್ತಿದ್ದಾಗ ಅವಳ ಫೋನು ಕಿಣಿ ಎಂದಿತು. ನೀಲವ್ವ ಹೊಸದಾಗಿ ಒಂದು ಪಾಕೆಟ್ ದುಡ್ಡು ಕೊಟ್ಟು ತರಿಸಿಕೊಂಡಿದ್ದಳು. ನಾನೇ ಕನ್ನಡಕ ಹಾಕಿಕೊಂಡು ಓದಿ ಹೇಳಿದೆ.

ನಾಲ್ಕು ಸ್ಟಾರು. ಕೆಳಗೆ ಒಂದೇ ಸಾಲು: "ಗುರೆಳ್ಳು ಹದಾ ಐತಿ. ಬೆಲ್ಲದ್ದೊಂದು ಚುಕ್ಕಿ ಕಡದೀನಿ."

"ಕಡೀಲಿ ಬಿಡಿ," ಎಂದಳು ರಂಗಮ್ಮ. ಬಸ್ಸು ಹತ್ತುವ ಮೊದಲು ಸೊಂಟದ ಚೀಲ ಬಿಚ್ಚಿ ನೂರರ ಮೂರು ನೋಟುಗಳನ್ನು ನನ್ನ ಕೈಗೆ ತುರುಕಿದಳು. "ನಿಮ್ಮ ಮೈಸೂರು ಟಿಕೆಟ್ಟು. ಉಳಿದಿದ್ರಲ್ಲಿ ಕಾಫಿ ಕುಡೀರಿ."